ಅಕ್ಕನ ಪೇಜ್‌ಮೇಕರ್, ನನ್ನ ಲಿನಕ್ಸ್, ಒಂದೇ ಸಿಸ್ಟಂ: ನಾಲ್ಕು ದಾರಿ ನೋಡಿದ ಮೇಲೆ

ನಮ್ಮ ಮನೆ ಇರುವುದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ. ಮಹಡಿಯ ಕೋಣೆಯಲ್ಲಿ ಒಂದೇ ಒಂದು ಸಿಸ್ಟಂ. ಬೆಳಿಗ್ಗೆಯಿಂದ ಸಂಜೆವರೆಗೆ ಅದು ಅಕ್ಕನದು. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲ ಅವಳೇ ಜೋಡಿಸಿಕೊಡುತ್ತಾಳೆ. ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡುವ ನುಡಿ, ಒಂದು ಹಳೇ ಲೇಸರ್ ಪ್ರಿಂಟರ್. ಇಷ್ಟಿದ್ದರೆ ಅವಳ ಕೆಲಸ ನಡೆಯುತ್ತದೆ. ರಾತ್ರಿ ಊಟ ಆದ ಮೇಲೆ ಕುರ್ಚಿ ನನ್ನದು. ಅವಳ ಕೆಲಸ ನಡೆಯುವುದು ವಿಂಡೋಸ್‌ನಲ್ಲಿ, ನನಗೆ ಬೇಕಾಗಿರುವುದು ಅದರ ಬದಲು ಹಾಕಿಕೊಳ್ಳುವ ಲಿನಕ್ಸ್.

ಸಿಸ್ಟಂ 2014ರದು. ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ದಸರಾ ಮುಗಿದು ಎರಡು ವಾರವೂ ಆಗಿರಲಿಲ್ಲ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಾದರೂ ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಭಾಗ ಬೇಕು. ನಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಹಾಗಾದರೆ ಪೂರ್ತಿ ಲಿನಕ್ಸ್‌ಗೆ ಹೋಗಬಹುದಲ್ವಾ? ಅದನ್ನೇ ಮೊದಲು ನೋಡಿದೆ. ಟೈಪಿಂಗ್ ತೊಂದರೆ ಇಲ್ಲ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ಮೊದಲೇ ಇರುತ್ತದೆ, ಅಕ್ಕನ ಬೆರಳಿಗೆ ಅದು ಹೊಸದಲ್ಲ. ತೊಂದರೆ ಇರುವುದು ಹಳೇ ಫೈಲುಗಳಲ್ಲಿ. ಅವಳ ಹತ್ತು ವರ್ಷದ ಕೆಲಸ ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಯೂನಿಕೋಡ್‌ನಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ನುಡಿಯ ಹಳೇ ಫಾಂಟುಗಳಲ್ಲಿದೆ. ಲಿನಕ್ಸ್‌ನಲ್ಲಿ ಸಿಗುವ ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ, ಫಾಂಟ್ ಹಾಕಿದರೆ ಅಕ್ಷರವೂ ಕಾಣುತ್ತದೆ. ಆದರೆ ಸಾಲು ಒಡೆಯುವ ಜಾಗ ಬದಲಾಗುತ್ತದೆ, ಅಂಚಿನ ಬಳ್ಳಿ ಪಕ್ಕಕ್ಕೆ ಸರಿಯುತ್ತದೆ. ವಧೂವರರ ಹೆಸರು ಎರಡು ಸಾಲಿಗೆ ಹರಿದ ಪತ್ರಿಕೆಯನ್ನು ಯಾರಿಗೆ ತೋರಿಸುವುದು? ವಿಂಡೋಸ್ ಇರಲೇಬೇಕು ಅಂತ ಆಯಿತು.

ಎರಡನ್ನೂ ಒಂದೇ ಸಿಸ್ಟಂನಲ್ಲಿ ಇಡಲು ನಾಲ್ಕು ದಾರಿ ಸಿಕ್ಕಿತು. ನಾಲ್ಕನ್ನೂ ಮಾಡಿ ನೋಡಿದೆ. ಅಳೆಯಲು ಒಂದೇ ಅಳತೆ ಇಟ್ಟುಕೊಂಡೆ. ನಾನು ಮನೆಯಲ್ಲಿ ಇಲ್ಲದಾಗ ಅಕ್ಕ ಸ್ವಿಚ್ ಒತ್ತಿದರೆ, ಯಾರನ್ನೂ ಕೇಳದೆ ಅವಳ ಪುಟ ಅವಳ ಮುಂದೆ ಬರಬೇಕು. ವೇಗ ಆಮೇಲಿನ ಮಾತು.

ಮೊದಲ ದಾರಿ ಎಲ್ಲರೂ ಹೇಳುವುದು, ಒಂದೇ ಡಿಸ್ಕ್‌ನಲ್ಲಿ ಎರಡನ್ನೂ ಇಡುವುದು. ಖರ್ಚು ಸೊನ್ನೆ. ಆದರೆ ಶುರುವಿನಲ್ಲೇ ತಡೆ ಬಂತು. ಅಂಗಡಿಯಲ್ಲಿ ಜೋಡಿಸಿಕೊಟ್ಟ ಸಿಸ್ಟಂ ಆದ್ದರಿಂದ ಡಿಸ್ಕನ್ನು ಭಾಗ ಮಾಡಿದ್ದು ಹಳೇ ಎಂಬಿಆರ್ ಪದ್ಧತಿಯಲ್ಲಿ. ಅದರಲ್ಲಿ ಪ್ರೈಮರಿ ಪಾರ್ಟಿಷನ್ (ಮುಖ್ಯ ಭಾಗ) ನಾಲ್ಕಕ್ಕಿಂತ ಜಾಸ್ತಿ ಮಾಡಲು ಆಗುವುದಿಲ್ಲ. ಸಿ, ಡಿ, ಇ ಅಂತ ಮೂರು, ವಿಂಡೋಸ್ ತನಗೆ ಅಂತ ಇಟ್ಟುಕೊಂಡ ಸಣ್ಣದೊಂದು. ನಾಲ್ಕೂ ಮುಗಿದಿತ್ತು. ಇ ಡ್ರೈವ್ ಖಾಲಿ ಮಾಡಿ, ಅಳಿಸಿ, ಆ ಜಾಗದಲ್ಲಿ ಒಳಗೆ ಇನ್ನಷ್ಟು ಭಾಗ ಮಾಡಬಹುದಾದ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿ, ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದೆ. ಸ್ವಿಚ್ ಒತ್ತಿದರೆ ಈಗ ಯಾವ ವ್ಯವಸ್ಥೆ ಬೇಕು ಅಂತ ಕೇಳುವ ಗ್ರಬ್ ಪಟ್ಟಿ ಬರುತ್ತಿತ್ತು. ಪಟ್ಟಿಯಲ್ಲಿ ವಿಂಡೋಸನ್ನೇ ಮೊದಲ ಆಯ್ಕೆ ಮಾಡಿ, ಐದು ಸೆಕೆಂಡ್ ಕಾಯಿಸಿಟ್ಟೆ.

ಮೂರನೇ ದಿನ ಅಕ್ಕ ಗಡಿಯಾರ ತಪ್ಪು ತೋರಿಸುತ್ತಿದೆ ಅಂದಳು. ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕೂವರೆ ಅಂತ ಇತ್ತು. ಸರಿಯಾಗಿ ಐದೂವರೆ ಗಂಟೆ ಹಿಂದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂತ ಓದುತ್ತದೆ. ಲಿನಕ್ಸ್‌ಗೂ ಊರಿನ ಸಮಯವನ್ನೇ ಇಡು ಅಂತ ಒಂದು ಆದೇಶ ಕೊಟ್ಟರೆ ಸರಿಹೋಗುತ್ತದೆ. ಇನ್ನೊಂದು ತೊಂದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ವಿಂಡೋಸ್ ನಿಜವಾಗಿ ಆಫ್ ಆಗುವುದಿಲ್ಲ, ಅರ್ಧ ನಿದ್ದೆಯಲ್ಲಿ ಇರುತ್ತದೆ. ಆಗ ಲಿನಕ್ಸ್‌ನಿಂದ ಡಿ ಡ್ರೈವ್ ತೆರೆದರೆ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಬಲವಂತವಾಗಿ ಬರೆದರೆ ಫೈಲು ಕೆಡುವ ಅಪಾಯ ಇದೆ. ಈ ಅರ್ಧ ನಿದ್ದೆಗೆ ಬೇಕಾದ ಹೈಬರ್ನೇಟ್ ಅನ್ನೇ ಪೂರ್ತಿ ಆಫ್ ಮಾಡಿದೆ. ಎರಡು ವ್ಯವಸ್ಥೆ ಇಟ್ಟುಕೊಳ್ಳುವವರು ಮೊದಲ ದಿನವೇ ಇವೆರಡನ್ನೂ ಮಾಡಿಬಿಡಿ.

ಈ ದಾರಿ ನನಗೆ ಬೇಡ ಅನ್ನಿಸಿದ್ದು ಬೇರೆ ಕಾರಣಕ್ಕೆ. ಒಂದು ರಾತ್ರಿ ಮಿಂಟ್ ತೆಗೆದು ಇನ್ನೊಂದು ಬಗೆಯ ಲಿನಕ್ಸ್ ಆದ ಡೆಬಿಯನ್ ಹಾಕೋಣ ಅಂತ ವಿಂಡೋಸ್ ಒಳಗಿಂದಲೇ ಲಿನಕ್ಸ್ ಪಾರ್ಟಿಷನ್ ಅಳಿಸಿದೆ. ನಿದ್ದೆ ಬಂತು, ಉಳಿದದ್ದು ನಾಳೆ ಅಂತ ಮಲಗಿದೆ. ಬೆಳಿಗ್ಗೆ ಮೇಲಿಂದ ಅಕ್ಕನ ಕೂಗು.

"ಲೋ, ಏನೋ ಇದು? ಬರೀ ಕಪ್ಪಗೆ ಇದೆ. ಏನೋ ರೆಸ್ಕ್ಯೂ ಅಂತ ಬರ್ತಾ ಇದೆ."

"ಮುಟ್ಟಬೇಡ ಅಕ್ಕ, ಬಂದೆ."

"ಹನ್ನೊಂದಕ್ಕೆ ಪ್ರೂಫ್ ನೋಡೋಕೆ ಹುಡುಗನ ಮನೆಯವರು ಬರ್ತಾರೆ ಕಣೋ."

ಆಗಿದ್ದು ಇಷ್ಟು. ಗ್ರಬ್‌ನ ಮೊದಲ ತುಂಡು ಡಿಸ್ಕಿನ ಶುರುವಿನಲ್ಲಿ ಕೂತಿರುತ್ತದೆ. ಉಳಿದ ಭಾಗ ಲಿನಕ್ಸ್ ಪಾರ್ಟಿಷನ್ ಒಳಗೆ. ನಾನು ಅಳಿಸಿದ್ದು ಆ ಪಾರ್ಟಿಷನ್ನನ್ನೇ. ಮೊದಲ ತುಂಡಿಗೆ ಮುಂದಿನ ದಾರಿ ಸಿಗಲಿಲ್ಲ, ಅಲ್ಲೇ ನಿಂತಿತು. ಒಳಗೆ ವಿಂಡೋಸ್ ಸುರಕ್ಷಿತವಾಗಿತ್ತು, ಬಾಗಿಲು ಮಾತ್ರ ಇರಲಿಲ್ಲ. ಎದುರು ಮನೆಯ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಪೆನ್‌ಡ್ರೈವ್ ಮಾಡಿ, ರಿಪೇರಿ ಮೆನುವಿಗೆ ಹೋಗಿ ಬೂಟ್‌ರೆಕ್ ಆದೇಶದಿಂದ ಡಿಸ್ಕಿನ ಶುರುವಿನ ಆ ತುಂಡನ್ನು (ಎಂಬಿಆರ್) ವಿಂಡೋಸ್‌ಗೆ ತಕ್ಕಂತೆ ಮತ್ತೆ ಬರೆಸಿದೆ. ಅದು ಎರಡು ನಿಮಿಷದ ಕೆಲಸ. ಪೆನ್‌ಡ್ರೈವ್ ತಯಾರಾಗಲು ಒಂದೂವರೆ ಗಂಟೆ ಹಿಡಿಯಿತು. ಪ್ರೂಫ್ ನೋಡಲು ಬಂದ ಮದುವೆ ಹುಡುಗನ ಮನೆಯವರು ಕೆಳಗೆ ಕಾಫಿ ಕುಡಿಯುತ್ತಾ ಕಾದರು. ತಪ್ಪು ನನ್ನದು. ಆದರೆ ನನ್ನ ಒಂದು ತಪ್ಪಿಗೆ ಅಕ್ಕನ ಕೆಲಸ ನಿಲ್ಲುವಂಥ ವ್ಯವಸ್ಥೆ ಈ ಮನೆಗೆ ಸರಿಯಲ್ಲ.

ಎರಡನೇ ದಾರಿ, ಲಿನಕ್ಸನ್ನು ಹೊರಗೆ ಇಡುವುದು. ಒಂದೇ ಪೆನ್‌ಡ್ರೈವ್‌ನಿಂದ ಹಲವು ವ್ಯವಸ್ಥೆ ಶುರು ಮಾಡಿಸುವ ವೆಂಟಾಯ್ ಹಾಕಿ, ನಾಲ್ಕೈದು ಲಿನಕ್ಸ್‌ಗಳ ಐಎಸ್‌ಒ ಫೈಲು ತುಂಬಿಕೊಂಡೆ. ಬೇರೆ ಬೇರೆ ಲಿನಕ್ಸ್ ರುಚಿ ನೋಡಲು ಇದಕ್ಕಿಂತ ಸುಲಭದ್ದು ಇಲ್ಲ. ದಿನಾ ಕೆಲಸಕ್ಕೆ ಆಗುವುದಿಲ್ಲ. ಸಣ್ಣ ಸಣ್ಣ ಫೈಲು ಬರೆಯುವಾಗ ಪೆನ್‌ಡ್ರೈವ್ ತೆವಳುತ್ತದೆ, ಬಿಸಿಯೂ ಆಗುತ್ತದೆ. ಯುಎಸ್‌ಬಿ 3 ಡಬ್ಬಿಯಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಹಾಕಿದರೆ ಚೆನ್ನಾಗಿ ಓಡಿತು. ಒಂದು ಎಚ್ಚರಿಕೆ ಬೇಕು. ಇನ್‌ಸ್ಟಾಲ್ ಮಾಡುವಾಗ ಬೂಟ್‌ಲೋಡರ್ (ಅಂದರೆ ಗ್ರಬ್) ಎಲ್ಲಿಗೆ ಹೋಗಬೇಕು ಅಂತ ಕೇಳುವ ಜಾಗದಲ್ಲಿ ಒಳಗಿನ ಡಿಸ್ಕೇ ಮೊದಲು ಬಂದಿರುತ್ತದೆ. ನೋಡದೆ ಮುಂದೆ ಒತ್ತಿದರೆ ಮೊದಲ ದಾರಿಯ ತೊಂದರೆಯೇ ಮತ್ತೆ ಬರುತ್ತದೆ. ಅಕ್ಕನ ಅಳತೆಗೆ ಇದು ಪಾಸು. ಡಬ್ಬಿ ಕಿತ್ತಿಟ್ಟರೆ ಅವಳ ಸಿಸ್ಟಂ ಮೊದಲಿನಂತೆಯೇ ಇರುತ್ತದೆ.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಲಿನಕ್ಸ್ ಮೇಲೆ ವರ್ಚುವಲ್‌ಬಾಕ್ಸ್ ಅನ್ನುವ ತೋರಿಕೆಯ ಕಂಪ್ಯೂಟರ್, ಅದರೊಳಗೆ ವಿಂಡೋಸ್. ಪೇಜ್‌ಮೇಕರ್, ನುಡಿ ಎರಡೂ ಒಳಗೆ ಸರಿಯಾಗಿ ನಡೆದವು. ಇಂಟರ್‌ನೆಟ್ ಬೇಡವೆಂದರೆ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ತೆಗೆದರೆ ಸಾಕು, ಕೇಬಲ್ ಕಿತ್ತಂತೆ. ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಏನು ಕೆಟ್ಟರೂ ಹಿಂದಿನ ಸ್ಥಿತಿಗೆ ಮರಳಬಹುದು. ಅಪ್‌ಡೇಟ್ ನಿಂತ ವಿಂಡೋಸ್‌ಗೆ ಇದಕ್ಕಿಂತ ಒಳ್ಳೆಯ ಕಾವಲು ಬೇಕಾ ಅನ್ನಿಸಿತ್ತು.

ಕೈಕೊಟ್ಟಿದ್ದು ಪ್ರಿಂಟರ್ ವಿಷಯದಲ್ಲಿ. ಸ್ಕ್ರೀನ್ ಪ್ರಿಂಟಿಂಗ್‌ಗೆ ಅಕ್ಕ ಟ್ರೇಸಿಂಗ್ ಪೇಪರ್ ಮೇಲೆ ಪ್ರಿಂಟ್ ತೆಗೆಯುತ್ತಾಳೆ. ಎರಡು ಬಣ್ಣದ ಪತ್ರಿಕೆಯಾದರೆ ಎರಡು ಹಾಳೆ, ಒಂದರ ಮೇಲೊಂದು ಕೂಡಬೇಕು. ಒಳಗಿನ ವಿಂಡೋಸ್‌ನಿಂದ ಪಿಡಿಎಫ್ ಮಾಡಿ ಲಿನಕ್ಸ್‌ನಿಂದ ಪ್ರಿಂಟ್ ಕೊಟ್ಟಾಗ ಒಂದು ಹಾಳೆ 'ಪುಟಕ್ಕೆ ಹೊಂದಿಸು' ಅನ್ನುವ ಆಯ್ಕೆಯಲ್ಲಿ ನೂರಕ್ಕೆ 97 ಅಳತೆಗೆ ಇಳಿದು ಬಂತು. ಗಣಪತಿಯ ಚಿತ್ರ ಒಂದು ಕಡೆ, ಅದರ ಚಿನ್ನದ ಅಂಚು ಇನ್ನೊಂದು ಕಡೆ. ಪ್ರಿಂಟರನ್ನೇ ನೇರವಾಗಿ ಒಳಗಿನ ವಿಂಡೋಸ್‌ಗೆ ಕೊಟ್ಟರೆ ಅಳತೆ ಸರಿ ಬರುತ್ತದೆ. ಆದರೆ ಅಕ್ಕ ಬೆಳಿಗ್ಗೆ ಲಿನಕ್ಸ್ ಶುರು ಮಾಡಿ, ವರ್ಚುವಲ್‌ಬಾಕ್ಸ್ ತೆರೆದು, ವಿಂಡೋಸ್ ಎಬ್ಬಿಸಿ, ಮೆನುವಿನಲ್ಲಿ ಪ್ರಿಂಟರ್ ಆರಿಸಬೇಕು. ಇದ್ದ 8 ಜಿಬಿಯಲ್ಲಿ ಅರ್ಧ ಒಳಗೆ ಹೋದ ಮೇಲೆ ಎರಡೂ ಕಡೆ ಉಸಿರು ಕಟ್ಟಿದಂತೆ ಆಗುತ್ತಿತ್ತು. ಒಂದು ವಾರ ಅವಳು ಏನೂ ಅನ್ನದೆ ಮಾಡಿದಳು. ಎಂಟನೇ ದಿನ ನಾನೇ ತೆಗೆದೆ.

ನಾಲ್ಕನೇ ದಾರಿಗೆ ಧನುರ್ಮಾಸ ಬರಲಿ ಅಂತ ಕಾದೆ. ಆ ತಿಂಗಳು ಮದುವೆ ಇಲ್ಲ, ಅಕ್ಕನಿಗೂ ಬಿಡುವು. 240 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ತಂದೆ. ಹೊಸದು ನನಗಲ್ಲ, ಅಕ್ಕನಿಗೆ. ಅವಳ ವಿಂಡೋಸ್, ಫೈಲು ಎಲ್ಲ ಸೇರಿ 130 ಜಿಬಿ ಇತ್ತು. ಪಾರ್ಟಿಷನ್‌ಗಳನ್ನು ಕುಗ್ಗಿಸಿ ಕ್ಲೋನ್‌ಜಿಲ್ಲಾದಿಂದ ಎಸ್‌ಎಸ್‌ಡಿಗೆ ನಕಲು ಮಾಡಿದೆ. ಹಳೇ ಡಿಸ್ಕನ್ನು ಎರಡು ವಾರ ಮುಟ್ಟದೆ ಎತ್ತಿಟ್ಟೆ, ನಕಲಿನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಬೇಕಲ್ಲ. ಆಮೇಲೆ ಎಸ್‌ಎಸ್‌ಡಿಯ ವೈರು ಕಿತ್ತು, ಹಳೇ ಡಿಸ್ಕ್ ಒಂದನ್ನೇ ಜೋಡಿಸಿ, ಅದನ್ನು ಅಳಿಸಿ ಡೆಬಿಯನ್ ಹಾಕಿದೆ. ವೈರು ಕೀಳುವುದು ಮುಖ್ಯ. ಕಾಣದ ಡಿಸ್ಕಿಗೆ ಯಾವ ಇನ್‌ಸ್ಟಾಲರೂ ಏನನ್ನೂ ಬರೆಯಲಾರದು.

ಈಗ ವಿಂಡೋಸ್ ಶುರುವಾಗುವುದು ಹಳೇ ಎಂಬಿಆರ್ ಪದ್ಧತಿಯಲ್ಲಿ, ಲಿನಕ್ಸ್ ಹೊಸ ಯುಇಎಫ್‌ಐ ಪದ್ಧತಿಯಲ್ಲಿ. ಬೋರ್ಡ್‌ನಲ್ಲಿ ಎರಡಕ್ಕೂ ಅವಕಾಶ ಬಿಟ್ಟಿರುವುದರಿಂದ ಜಗಳ ಇಲ್ಲ. ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿಲ್ಲ. ಸುಮ್ನೆ ಸ್ವಿಚ್ ಒತ್ತಿದರೆ ಎಸ್‌ಎಸ್‌ಡಿ. ಮೊದಲು ಎರಡು ನಿಮಿಷ ಹಿಡಿಯುತ್ತಿದ್ದದ್ದು ಈಗ 25 ಸೆಕೆಂಡ್‌ಗೆ ತಯಾರು. ನನಗೆ ಬೇಕಾದಾಗ ಎಫ್12 ಒತ್ತಿ ಹಳೇ ಡಿಸ್ಕ್ ಆರಿಸುತ್ತೇನೆ. ನನ್ನ ಲಿನಕ್ಸ್ ನಿಧಾನ, ನಿಜ. ರಾತ್ರಿ ನನಗೆ ಅವಸರ ಇರುವುದಿಲ್ಲ. ಜನವರಿಯಿಂದ ಎರಡು ಸಲ ಡೆಬಿಯನ್ ಪೂರ್ತಿ ಅಳಿಸಿ ಮತ್ತೆ ಹಾಕಿದ್ದೇನೆ. ಅಕ್ಕನಿಗೆ ಗೊತ್ತೇ ಆಗಲಿಲ್ಲ. ಒಂದೇ ಡಿಸ್ಕ್, ಎರಡು ಡಿಸ್ಕ್ ಅಂತ ಯಾರಾದರೂ ಕೇಳಿದರೆ ನಾನು ಎರಡು ಅನ್ನುತ್ತೇನೆ.

ಇನ್ನು ಉಳಿದದ್ದು ನೆಟ್‌ವರ್ಕ್. ನಮ್ಮದು ಹಳೇ ಕಾಲದ ಮನೆ, ಗಾರೆಯ ದಪ್ಪ ಗೋಡೆ. ರೌಟರ್ ಕೆಳಗೆ ಪಡಸಾಲೆಯಲ್ಲಿ. ಅಲ್ಲಿ ಇಂಟರ್‌ನೆಟ್ ಸೆಕೆಂಡಿಗೆ 94 ಮೆಗಾಬಿಟ್ ಸಿಗುತ್ತದೆ. ಮಹಡಿಯಲ್ಲಿ ಅಗ್ಗದ ವೈಫೈ ಡಾಂಗಲ್ ಹಾಕಿದಾಗ ಸಿಕ್ಕಿದ್ದು ಹದಿನೈದರ ಆಸುಪಾಸು. ಅದೂ ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸ್‌ನಲ್ಲಿ ಡ್ರೈವರ್ ನಾನೇ ಕಟ್ಟಬೇಕಾಯಿತು, ಲಿನಕ್ಸ್‌ನ ತಿರುಳಾದ ಕರ್ನೆಲ್ ಬದಲಾದಾಗಲೆಲ್ಲ ಮತ್ತೆ ಅದೇ ಪಾಡು. ವೈಫೈ ಸಿಗ್ನಲ್ ಮುಂದಕ್ಕೆ ದಾಟಿಸುವ ರಿಪೀಟರ್ ಹಾಕಿದಾಗ ನಲವತ್ತರ ಹತ್ತಿರ ಬಂತು. ಕೇಳುವುದಕ್ಕೂ ಹೇಳುವುದಕ್ಕೂ ಅದಕ್ಕೆ ಒಂದೇ ರೇಡಿಯೋ, ಹಾಗಾಗಿ ಅರ್ಧ ವೇಗ ಅಲ್ಲೇ ಹೋಗುತ್ತದೆ.

ಕೊನೆಗೆ 22 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆ. ಕಿಟಕಿಯಿಂದ ಹೊರಗೆ, ಪಿವಿಸಿ ಪೈಪಿನೊಳಗೆ, ಮೇಲಕ್ಕೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬೇಡ. ತುದಿಗೆ ಪ್ಲಗ್ ಕೂರಿಸುವ ಕ್ರಿಂಪಿಂಗ್ ನಾನೇ ಮಾಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಮೊದಲ ಸಲ ಸಂಪರ್ಕ ಬಂತು, ಆದರೆ ವೇಗ 1000 ಮೆಗಾಬಿಟ್ ಬದಲು 100 ಅಂತ ತೋರಿಸಿತು. 100ಕ್ಕೆ ಎರಡು ಜೋಡಿ ಎಳೆ ಸಾಕು, 1000ಕ್ಕೆ ನಾಲ್ಕೂ ಜೋಡಿ ಬೇಕು. ಕಂದು ಎಳೆ ಪೂರ್ತಿ ಒಳಗೆ ಹೋಗಿರಲಿಲ್ಲ. ತುದಿ ಕತ್ತರಿಸಿ ಮತ್ತೆ ಮಾಡಿದ ಮೇಲೆ ಮನೆಯೊಳಗಿನ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್‌ನಲ್ಲಿ 940 ಬಂತು. ಎರಡೂ ವ್ಯವಸ್ಥೆಯಲ್ಲಿ, ಯಾವ ಡ್ರೈವರ್ ಗೊಡವೆಯೂ ಇಲ್ಲದೆ.

ಅಕ್ಕನ ವಿಂಡೋಸನ್ನು ಇಂಟರ್‌ನೆಟ್‌ನಿಂದ ದೂರ ಇಡಬೇಕಿತ್ತು. ರೌಟರ್‌ನಲ್ಲಿ ತಡೆದರೆ ನನ್ನ ಲಿನಕ್ಸ್‌ಗೂ ತಡೆ, ಎರಡಕ್ಕೂ ನೆಟ್‌ವರ್ಕ್ ಕಾರ್ಡ್ ಒಂದೇ. ಅದಕ್ಕೆ ವಿಂಡೋಸ್‌ನಲ್ಲಿ ಐಪಿ ವಿಳಾಸವನ್ನು ಕೈಯಿಂದ ತುಂಬಿ, ಹೊರಗೆ ಹೋಗುವ ದಾರಿ ಹೇಳುವ ಗೇಟ್‌ವೇ ಜಾಗವನ್ನು ಖಾಲಿ ಬಿಟ್ಟೆ. ಇನ್ನೊಂದು ಬಗೆಯ ವಿಳಾಸವಾದ ಐಪಿವಿ6ರ ಟಿಕ್ಕೂ ತೆಗೆದೆ. ಮನೆಯೊಳಗಿನ ಯಂತ್ರಗಳು ಸಿಗುತ್ತವೆ, ಹೊರಗಿನ ದಾರಿ ಗೊತ್ತಾಗುವುದಿಲ್ಲ. ಅಟ್ಟದ ಮೇಲಿದ್ದ ಹಳೇ ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೌಟರ್‌ನ ಲಿನಕ್ಸ್ ಹಾಕಿ ಮಹಡಿಯಲ್ಲಿ ಇಟ್ಟೆ. ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಇಂಟರ್‌ನೆಟ್‌ಗಿರುವ ವ್ಯಾನ್ ತೂತು ಬಿಟ್ಟು ಮನೆಯೊಳಗಿನ ಲ್ಯಾನ್ ತೂತಿಗೆ ಚುಚ್ಚಿದರೆ ಅದು ಮಹಡಿಗೆ ವೈಫೈ ಕೊಡುತ್ತದೆ. ಅದರ ಯುಎಸ್‌ಬಿಗೆ ಒಂದು ಪೆನ್‌ಡ್ರೈವ್, ಅದರಲ್ಲಿ 'ಅಚ್ಚಿಗೆ' ಅಂತ ಒಂದು ಫೋಲ್ಡರ್. ಅಕ್ಕ ಪಿಡಿಎಫ್ ಅಲ್ಲಿಗೆ ಉಳಿಸುತ್ತಾಳೆ, ಫೋನಿನಲ್ಲಿ ತೆರೆದು ಪ್ರೆಸ್‌ಗೆ ವಾಟ್ಸಾಪ್ ಮಾಡುತ್ತಾಳೆ. ಗಿರಾಕಿಗಳ ಫೋಟೊ ಬರುವುದೂ ಅದೇ ದಾರಿಯಲ್ಲಿ. ಅವರ ಪೆನ್‌ಡ್ರೈವ್ ಸಿಸ್ಟಂಗೆ ನೇರ ಚುಚ್ಚಬೇಡ ಅಂತ ಕೇಳಿಕೊಂಡಿದ್ದೇನೆ. ಇಂಟರ್‌ನೆಟ್ ಇಲ್ಲ ಅಂದಮಾತ್ರಕ್ಕೆ ವೈರಸ್ ಬರುವುದೇ ಇಲ್ಲ ಅಂತೇನಿಲ್ಲ.

ವರ್ಚುವಲ್‌ಬಾಕ್ಸ್ ಮಾತ್ರ ಇನ್ನೂ ಮನಸ್ಸಿನಲ್ಲಿದೆ. ಸೆಕೆಂಡ್ ಹ್ಯಾಂಡ್ ಡಿಡಿಆರ್3 ರ‍್ಯಾಮ್ ಇನ್ನೊಂದು 8 ಜಿಬಿ ಸಿಕ್ಕರೆ, ಆಷಾಢದಲ್ಲಿ ಮದುವೆ ಇಲ್ಲದಾಗ ಅದನ್ನು ಮತ್ತೆ ಹಾಕಿ ನೋಡುತ್ತೇನೆ. ಈ ಸಲ ನನ್ನ ಡಿಸ್ಕ್‌ನಲ್ಲಿ.