ಹಾರ್ನೆಟ್‌ನ ಎರಡು ಬೂದುಗಳು: ನಾಲ್ಕು ಬಗೆಯ ಬಣ್ಣಗಳ ಹೋಲಿಕೆ

ಅಮೆರಿಕದ ನೌಕಾಪಡೆಯ ಎಫ್/ಎ-18 ಹಾರ್ನೆಟ್ ಯುದ್ಧವಿಮಾನದ ಪುಟ್ಟ ಪ್ಲಾಸ್ಟಿಕ್ ಮಾಡೆಲ್‌ಗೆ ಮುಖ್ಯವಾಗಿ ಬೇಕಾಗುವುದು ಎರಡೇ ಬಣ್ಣ. ಬೆನ್ನಿಗೆ ಎಫ್‌ಎಸ್ 36320, ಅಂದರೆ ಡಾರ್ಕ್ ಘೋಸ್ಟ್ ಗ್ರೇ. ಹೊಟ್ಟೆಗೆ ಎಫ್‌ಎಸ್ 36375, ಲೈಟ್ ಘೋಸ್ಟ್ ಗ್ರೇ. ಎರಡರ ನಡುವೆ ಅಂತರ ಬಹಳ ಕಡಿಮೆ. ಆಕಾಶದಲ್ಲಿ ವಿಮಾನ ಸುಲಭವಾಗಿ ಕಣ್ಣಿಗೆ ಬೀಳಬಾರದೆಂದೇ ಅವನ್ನು ಹಾಗೆ ಆರಿಸಿದ್ದಾರೆ. ಮಾಡೆಲ್‌ನಲ್ಲಿ ಆ ಅಂತರ ಹೆಚ್ಚಾದರೆ ವಿಮಾನ ಆಟಿಕೆಯಾಗುತ್ತದೆ, ಕಡಿಮೆಯಾದರೆ ಇಡೀ ವಿಮಾನಕ್ಕೆ ಒಂದೇ ಡಬ್ಬಿ ಖಾಲಿ ಮಾಡಿದಂತೆ ಕಾಣುತ್ತದೆ. ಈ ಜೋಡಿಯನ್ನು ನಾನು ನಾಲ್ಕು ಬಗೆಯ ಬಣ್ಣಗಳಲ್ಲಿ ಬಳಿದು ಅಕ್ಕಪಕ್ಕ ಇಟ್ಟು ನೋಡಿದ್ದೇನೆ: ಮಿಸ್ಟರ್ ಕಲರ್ ಲ್ಯಾಕರ್ (ಬೇಗ ಒಣಗುವ ದ್ರಾವಕದ ಬಣ್ಣ), ತಮಿಯಾ ಅಕ್ರಿಲಿಕ್‌ನಲ್ಲಿ ನಾನೇ ಬೆರೆಸಿಕೊಂಡ ಬಣ್ಣ, ಹಂಬ್ರಾಲ್ ಎನಾಮೆಲ್ (ನಿಧಾನಕ್ಕೆ ಒಣಗುವ ಎಣ್ಣೆಬಣ್ಣ), ಮತ್ತು ನೀರಿನಲ್ಲಿ ತೆಳುವಾಗಿಸುವ ಒಂದು ವಿನೈಲ್ ಅಕ್ರಿಲಿಕ್.

ಮೊದಲು ಆ ಐದಂಕಿಯ ಸಂಖ್ಯೆಯ ಬಗ್ಗೆ. ಅದು ಅಮೆರಿಕದ ಬಣ್ಣಗಳ ಮಾನದಂಡ ಫೆಡರಲ್ ಸ್ಟ್ಯಾಂಡರ್ಡ್ (ಎಫ್‌ಎಸ್) 595ರ ಲೆಕ್ಕ. ಮೊದಲ ಅಂಕಿ ಹೊಳಪಿನದು: 1 ಎಂದರೆ ಪೂರ್ತಿ ಹೊಳಪು, 2 ಅರೆಹೊಳಪು, 3 ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಎರಡನೆಯ ಅಂಕಿ ಬಣ್ಣದ ಗುಂಪು. 6 ಇದ್ದರೆ ಬೂದು. ಉಳಿದ ಮೂರು ಅಂಕಿಗಳು ಹೆಚ್ಚಿದಷ್ಟೂ ಬಣ್ಣ ತಿಳಿಯಾಗುತ್ತದೆ. 36118 ಗನ್‌ಶಿಪ್ ಗ್ರೇ ದಟ್ಟ, 36440 ಲೈಟ್ ಗಲ್ ಗ್ರೇ ತಿಳಿ. 2017ರಲ್ಲಿ ಈ ಮಾನದಂಡದ ಜಾಗಕ್ಕೆ ಎಎಂಎಸ್-ಎಸ್‌ಟಿಡಿ-595 ಬಂದರೂ ಮಾಡೆಲ್ ಮಾಡುವವರ ಬಾಯಲ್ಲಿ ಅದು ಇನ್ನೂ ಎಫ್‌ಎಸ್ ಆಗಿಯೇ ಉಳಿದಿದೆ. ಸಂಖ್ಯೆಯಿಂದ ತಿಳಿ-ದಟ್ಟ ಗೊತ್ತಾಗುತ್ತದೆ. ಬೂದು ನೀಲಿಗೆ ವಾಲಿದೆಯೋ ಹಳದಿಗೆ ವಾಲಿದೆಯೋ ಗೊತ್ತಾಗುವುದಿಲ್ಲ. 36375ರಲ್ಲಿ ನೀಲಿಯ ಸುಳಿವಿದೆ, 36440ರಲ್ಲಿ ಹಳದಿಯ ಸುಳಿವಿದೆ. ಒಂದು ಸಿಗದಿದ್ದರೆ ಇನ್ನೊಂದು ಸಾಕು ಎನ್ನುವವರ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ.

ಹೋಲಿಸುವ ಕ್ರಮ ಸರಿಯಿಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಬಿಳಿ ಪ್ಲಾಸ್ಟಿಕ್ ಹಾಳೆಯ ಪಟ್ಟಿಗಳಿಗೆ ಮೂರು ಭಾಗಗಳಲ್ಲಿ ಬಿಳಿ, ಬೂದು, ಕಪ್ಪು ಪ್ರೈಮರ್ (ಬಣ್ಣದ ಕೆಳಗಿನ ತಳಪದರ) ಹೊಡೆದು, ಅದರ ಮೇಲೆ ಪ್ರತಿ ಜೋಡಿಯನ್ನೂ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಬಳಿದೆ. ಒಣಗಿದ ಮೇಲೆ ಪಟ್ಟಿಯ ಅರ್ಧಕ್ಕೆ ಮಾತ್ರ ಮ್ಯಾಟ್ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಹಾಕಿದೆ. ನೋಡಿದ್ದು ನೇರ ಬಿಸಿಲು ಬೀಳದ ಕಿಟಕಿಯ ಬೆಳಕಿನಲ್ಲಿ, ಆಮೇಲೆ ಮೇಜಿನ ಎಲ್‌ಇಡಿ ದೀಪದ ಕೆಳಗೆ. ಬೂದು ರಟ್ಟಿನಲ್ಲಿ ಅಕ್ಕಪಕ್ಕ ಎರಡು ಕಿಂಡಿ ಕತ್ತರಿಸಿ, ಒಂದರೊಳಗೆ ಮಾನದಂಡದ ಬಣ್ಣದ ಚೀಟಿ, ಇನ್ನೊಂದರೊಳಗೆ ನನ್ನ ಪಟ್ಟಿ ಕಾಣುವಂತೆ ಇಡುವುದು ಬಹಳ ಉಪಯುಕ್ತ. ಸುತ್ತಲಿನ ಬಣ್ಣಗಳು ಕಣ್ಣಿಗೆ ಮಾಡುವ ಮೋಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ತಿಳಿ-ದಟ್ಟವನ್ನಷ್ಟೇ ಅಳೆಯಬೇಕಾದಾಗ ಎಲ್ಲ ಪಟ್ಟಿಗಳನ್ನೂ ಒಂದೇ ಚಿತ್ರದಲ್ಲಿ ಮೊಬೈಲ್‌ನಿಂದ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿದರೆ ಸಾಕು. ಬಣ್ಣದ ಚಿತ್ರವನ್ನು ಮಾತ್ರ ನಂಬಬಾರದು. ಬಿಳಿ ಯಾವುದೆಂದು ಕ್ಯಾಮೆರಾ ತಾನೇ ತೀರ್ಮಾನಿಸುತ್ತದೆ, ಬೂದು ಅದರ ಮರ್ಜಿಯಂತೆ ಬದಲಾಗುತ್ತದೆ.

ಮಿಸ್ಟರ್ ಕಲರ್‌ನಲ್ಲಿ 307 ಎಂದರೆ 36320, 308 ಎಂದರೆ 36375. ತಯಾರಕರೇ ಹೊಂದಿಸಿಕೊಟ್ಟ ಜೋಡಿ. ಲೆವೆಲಿಂಗ್ ಥಿನ್ನರ್ ಬೆರೆಸಿ ಹೊಡೆದರೆ ಪದರ ತೆಳುವಾಗಿ, ಸಮವಾಗಿ ಕೂರುತ್ತದೆ. ವಿಮಾನದ ಮೈಯ ತಗಡುಗಳ ಸಂದನ್ನು ತೋರಿಸುವ ಪ್ಯಾನೆಲ್ ಗೆರೆಗಳು ತುಂಬುವುದಿಲ್ಲ. ಕಿಟಕಿಯ ಬೆಳಕಿನಲ್ಲಿ ಎರಡೂ ಚೀಟಿಗೆ ಹತ್ತಿರ ಬಂದವು. ಅದಕ್ಕಿಂತ ಮುಖ್ಯವಾಗಿ, ಎರಡರ ನಡುವಿನ ಅಂತರ ನನಗೆ ಬೇಕಾದಷ್ಟೇ ಇತ್ತು. ಆದರೆ ಇವು ಅರೆಹೊಳಪಿನ ಬಣ್ಣಗಳು. ಮ್ಯಾಟ್ ಕೋಟ್ ಬಿದ್ದಾಗ ಮೇಲ್ಮೈ ಒರಟಾಗಿ, ಬೆಳಕು ಎಲ್ಲ ದಿಕ್ಕಿಗೂ ಚದುರಿ, ಬಣ್ಣ ಒಂದು ಮೆಟ್ಟಿಲು ಮಸುಕಾಗುತ್ತದೆ. ಹೀಗೆ ಸೇರುವ ಬೆಳಕು ತಿಳಿ ಬಣ್ಣದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ದಟ್ಟ ಬಣ್ಣದಲ್ಲಿ ಎದ್ದು ಕಾಣುತ್ತದೆ. ಅಂದರೆ 36320 ಹೆಚ್ಚು ತಿಳಿಯಾಗುತ್ತದೆ, 36375 ಕಡಿಮೆ. ಎರಡೂ ಪರಸ್ಪರ ಹತ್ತಿರ ಸರಿಯುತ್ತವೆ. ಮ್ಯಾಟ್ ಕೋಟ್ ಹಾಕುವ ಮೊದಲೇ ಸಾಕೆನಿಸಿದ ಅಂತರ ಕೊನೆಯಲ್ಲಿ ಸಾಲದು ಎನಿಸುವುದು ಹೀಗೆ. ಪೂರ್ತಿ ಮ್ಯಾಟ್ ಬದಲು ಸ್ಯಾಟಿನ್ (ಅರೆಹೊಳಪಿನ) ಕೋಟ್ ಹಾಕಿದಾಗ ಇದೇ ಜೋಡಿ ನೆಟ್ಟಗಾಯಿತು.

ತಮಿಯಾದ ಎಕ್ಸ್‌ಎಫ್ ಸಾಲಿನಲ್ಲಿ ಘೋಸ್ಟ್ ಗ್ರೇ ಹೆಸರಿನ ಬಾಟಲಿ ಇಲ್ಲ. ಆ ಹೆಸರುಗಳು ಎಎಸ್-25 ಮತ್ತು ಎಎಸ್-26 ಸ್ಪ್ರೇ ಡಬ್ಬಿಗಳಲ್ಲಿವೆ. ಡಬ್ಬಿಯಿಂದ ಬಣ್ಣವನ್ನು ಬಾಟಲಿಗಿಳಿಸಿ ಏರ್‌ಬ್ರಷ್‌ಗೆ ಹಾಕುವವರಿದ್ದಾರೆ. ನನಗೆ ಆ ತಾಳ್ಮೆ ಇಲ್ಲ. ತಿಳಿ ಬಣ್ಣಕ್ಕೆ ಎಕ್ಸ್‌ಎಫ್-19 ಸ್ಕೈ ಗ್ರೇ, ದಟ್ಟ ಬಣ್ಣಕ್ಕೆ ಎಕ್ಸ್‌ಎಫ್-53 ನ್ಯೂಟ್ರಲ್ ಗ್ರೇ ಹಿಡಿದು, ಎಕ್ಸ್‌ಎಫ್-2 ಬಿಳಿ ಮತ್ತು ಎಕ್ಸ್‌ಎಫ್-8 ನೀಲಿಯನ್ನು ಕಡ್ಡಿಯ ತುದಿಯಿಂದ ಸೇರಿಸುತ್ತಾ ಹೋದೆ. ಕೈಯಲ್ಲೇ ಹಿಡಿತವಿರುವುದು ಈ ದಾರಿಯ ಸುಖ. ನೀಲಿ ಒಂದು ಹನಿ ಹೆಚ್ಚಾದರೆ ಬೂದು ತಕ್ಷಣ ದೂರು ಹೇಳುತ್ತದೆ, ಬಿಳಿ ಹಾಕಿ ಸಮಾಧಾನ ಮಾಡಲಾಗುವುದಿಲ್ಲ; ಮೂಲ ಬೂದನ್ನೇ ಇನ್ನಷ್ಟು ಸುರಿಯಬೇಕು. ಬಾಟಲಿ ಮೊದಲೇ ಮ್ಯಾಟ್ ಆಗಿರುವುದರಿಂದ ಕೊನೆಯ ಮ್ಯಾಟ್ ಕೋಟ್ ಬಣ್ಣವನ್ನು ಹೆಚ್ಚು ಬದಲಿಸಲಿಲ್ಲ. ಬಳಿದ ದಿನ ಕಂಡದ್ದೇ ಕೊನೆಗೂ ಉಳಿಯಿತು. ಡೆಕಾಲ್ (ಅಂಟಿಸುವ ಮುದ್ರಿತ ಗುರುತು) ಕೂರಿಸಲು ನಡುವೆ ಒಂದು ಹೊಳಪಿನ ಪದರ ಬೇಕೇ ಬೇಕು. ಅಳತೆ ಬರೆದಿಟ್ಟುಕೊಂಡರೂ ಎರಡನೆಯ ಸಲ ಅದೇ ಬಣ್ಣ ಬರುತ್ತದೆಂಬ ಭರವಸೆ ಇಲ್ಲ, ಆದ್ದರಿಂದ ಇಡೀ ವಿಮಾನಕ್ಕೆ ಸಾಕಾಗಿ ಮಿಗುವಷ್ಟನ್ನು ಒಂದೇ ಸಲ ಬೆರೆಸಬೇಕು.

ಬೆರೆಸುವುದು ಕೈಲಾಗದವರ ದಾರಿ ಎಂದು ಮೂಗು ಮುರಿಯುವವರಿಗೆ ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ ಉತ್ತರ ಕೊಡುತ್ತದೆ. 1941ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಾಯುಪಡೆ ತನ್ನ ಹಗಲಿನ ಫೈಟರ್‌ಗಳ ಕಂದು ಬಣ್ಣದ ಜಾಗಕ್ಕೆ ಓಷನ್ ಗ್ರೇ ತಂದಿತು. ಆ ಬಣ್ಣ ಕೈಗೆ ಸಿಗುವ ತನಕ ಏಳು ಪಾಲು ಮೀಡಿಯಂ ಸೀ ಗ್ರೇಗೆ ಒಂದು ಪಾಲು ಕಪ್ಪು ಬೆರೆಸಿ ಬಳಿಯಬೇಕೆಂಬ ಸೂಚನೆಯೇ ಇತ್ತು. ಆ ಶರತ್ಕಾಲದ ಸ್ಪಿಟ್‌ಫೈರ್ ಮಾಡುವವರಿಗೆ ತಮಿಯಾದ ಎಕ್ಸ್‌ಎಫ್-82 ಓಷನ್ ಗ್ರೇ ಬಾಟಲಿಗಿಂತ ಎಕ್ಸ್‌ಎಫ್-83 ಮೀಡಿಯಂ ಸೀ ಗ್ರೇಗೆ ಕಪ್ಪು ಸೇರಿಸಿದ್ದೇ ಚರಿತ್ರೆಗೆ ಹತ್ತಿರ. ಹಾರ್ನೆಟ್‌ಗೆ ಈ ವಿನಾಯಿತಿ ಇಲ್ಲ ಎನ್ನಿ.

ಹಂಬ್ರಾಲ್ 127 ಮತ್ತು 128 ಇದೇ ಜೋಡಿಯ ಸ್ಯಾಟಿನ್ ಎನಾಮೆಲ್‌ಗಳು. ಕುಂಚದಿಂದ ಬಳಿಯುವವರಾದರೆ ಬೇರೆ ಯೋಚನೆ ಬೇಡ, ಇವನ್ನೇ ಹಿಡಿಯಿರಿ. ಕುಂಚದ ಗೆರೆ ತಾನೇ ಮಾಯವಾಗುವಷ್ಟು ನಿಧಾನಕ್ಕೆ ಒಣಗುತ್ತವೆ. ಅದೇ ನಿಧಾನ ಏರ್‌ಬ್ರಷ್ ಹಿಡಿದವರಿಗೆ ಶಿಕ್ಷೆ. ಪದರಗಳ ನಡುವೆ ಕಾಯಬೇಕು, ಕಾಯುವಾಗ ಧೂಳು ಕೂರುತ್ತದೆ. ಡಬ್ಬಿಯ ತಳದಲ್ಲಿ ಗಟ್ಟಿಯಾಗಿ ಕೂತ ಬಣ್ಣವನ್ನು ಪೂರ್ತಿ ಕದಡದಿದ್ದರೆ ಮೇಲಿನ ಬೂದು ಒಂದು ರೀತಿ, ತಳದ ಬೂದು ಇನ್ನೊಂದು ರೀತಿ.

ವಿನೈಲ್ ಅಕ್ರಿಲಿಕ್ ಯಾರದ್ದೆಂದು ಹೇಳುವುದಿಲ್ಲ. ಬಣ್ಣದ ಮಟ್ಟಿಗೆ ಅದು ಅಚ್ಚರಿಯಾಗುವಷ್ಟು ಚೆನ್ನಾಗಿತ್ತು, ವಾಸನೆಯೂ ಇಲ್ಲ. ಮಾಸ್ಕಿಂಗ್ ಟೇಪ್ ಎಳೆದಾಗ 36375 ಹಾಳೆಯಂತೆ ಎದ್ದು ಬಂತು. ಎರಡು ಬಣ್ಣಗಳ ಗಡಿಯನ್ನು ಟೇಪ್ ಇಲ್ಲದೆ, ಏರ್‌ಬ್ರಷ್ ತುದಿಯಿಂದಲೇ ಎಳೆಯುವಷ್ಟು ಕೈ ಪಳಗಿದವರಿಗೆ ಅದು ನಡೆಯುತ್ತದೆ.

ಎಲ್‌ಇಡಿ ದೀಪದ ಕೆಳಗೆ ಹೋಲಿಕೆಯ ಫಲ ಬದಲಾಯಿತು. ಕಿಟಕಿಯ ಬಳಿ ಚೀಟಿಗೆ ಒಂದೇ ಎನಿಸಿದ ನನ್ನ ತಮಿಯಾ ಮಿಶ್ರಣ ದೀಪದ ಕೆಳಗೆ ಸ್ವಲ್ಪ ನೇರಳೆಗೆ ತಿರುಗಿತು, ಲ್ಯಾಕರ್ ಕದಲಲಿಲ್ಲ. ಬೇರೆ ಬೇರೆ ವರ್ಣಕಗಳಿಂದ ಮಾಡಿದ ಎರಡು ಬೂದುಗಳು ಒಂದು ಬೆಳಕಿನಲ್ಲಿ ಕೂಡಿ ಇನ್ನೊಂದರಲ್ಲಿ ಅಗಲುವುದನ್ನು ಮೆಟಾಮೆರಿಸಂ ಎನ್ನುತ್ತಾರೆ. ಮಾಡೆಲ್ ಎಲ್ಲಿ ಕೂರುತ್ತದೆಯೋ ಆ ಬೆಳಕಿನಲ್ಲಿಯೇ ಬಣ್ಣ ಹೊಂದಿಸುವುದು ನ್ಯಾಯ. ಪ್ರೈಮರ್ ವಿಷಯದಲ್ಲಿ ಹೆಚ್ಚು ಹೇಳಲು ಇಲ್ಲ: ತಿಳಿ ಬೂದು ಕಪ್ಪಿನ ಮೇಲೆ ತಣ್ಣಗೆ ನೀಲಿಯಾಗಿ ಕಂಡಿತು, ಬೂದು ಪ್ರೈಮರ್ ಮೇಲೆ ಡಬ್ಬಿಯಲ್ಲಿ ಇದ್ದಂತೆಯೇ ಬಂತು.

1/72 ಅಳತೆಯ (ನಿಜವಾದ ವಿಮಾನದ 72ರಲ್ಲಿ ಒಂದು ಪಾಲಿನ) ಮಾಡೆಲ್‌ಗೆ ಬಣ್ಣವನ್ನು ಬಿಳಿ ಸೇರಿಸಿ ತಿಳಿಯಾಗಿಸಬೇಕೆಂಬ ಹಳೆಯ ವಾದವೊಂದಿದೆ. ಗಾಢ ಹಸಿರಿಗೆ ಅದು ಸರಿಯಿರಬಹುದು. ಈ ಜೋಡಿಗೆ ಬೇಡ. ಮ್ಯಾಟ್ ಕೋಟ್ ಆ ಕೆಲಸವನ್ನು ಕೇಳದೆಯೇ ಮಾಡಿಬಿಟ್ಟಿರುತ್ತದೆ.

ಈಗ ನಾನು ಹಾರ್ನೆಟ್‌ನ ಮೈಗೆ 307 ಮತ್ತು 308 ಹೊಡೆಯುತ್ತೇನೆ, ಮೇಲೆ ಸ್ಯಾಟಿನ್. ವಿಮಾನವಾಹಕ ನೌಕೆಯಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಅಲ್ಲಲ್ಲಿ ಹಚ್ಚುವ ತೇಪೆಗಳಿಗೆ ತಮಿಯಾ ಮಿಶ್ರಣ. ಅಲ್ಲಿ ಬಣ್ಣ ಹೊಂದದಿರುವುದೇ ಬೇಕಾದದ್ದು. ಬಣ್ಣ ಆರಿಸುವ ಮೊದಲು ಡೆಕಾಲ್ ಹಾಳೆಯನ್ನೂ ಹೊರತೆಗೆಯಿರಿ. ಹಾರ್ನೆಟ್‌ನ ಗುರುತುಗಳೂ ಬೂದು ಬಣ್ಣದವೇ, ಅವನ್ನು ಮುದ್ರಿಸಿದವರ ಘೋಸ್ಟ್ ಗ್ರೇ ಯಾವುದೆಂದು ಬಣ್ಣದ ಕಂಪನಿಗೆ ಗೊತ್ತಿರುವುದಿಲ್ಲ. ಬಳಸದೆ ಉಳಿಯುವ ಅಂಕಿ ಒಂದನ್ನು ಕತ್ತರಿಸಿ ಪಟ್ಟಿಯ ಮೇಲೆ ಅಂಟಿಸಿ, ಕ್ಲಿಯರ್ ಕೋಟ್ ಹಾಕಿ ನೋಡಬೇಕು. ಅಂಕಿ ಓದಲಾಗದಷ್ಟು ಬಣ್ಣದೊಳಗೆ ಮುಳುಗಿದರೆ ಇನ್ನೊಂದು ಹಾಳೆ ಹುಡುಕುವುದು ಮೇಲು.