ಪಂಚಾಯಿತಿ ಲೆಕ್ಕ ಪ್ರಕಟಿಸಲು: ಪಿಡಿಎಫೋ, ಸಿಎಸ್‌ವಿಯೋ?

ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4ರಂತೆ ಬಜೆಟ್ಟು, ವೆಚ್ಚದ ವಿವರಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಯಾವ ರೂಪದಲ್ಲಿ?

ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಸಹಿ, ಮೊಹರು ಕಾಣುತ್ತವೆ. ಆದರೆ ಅದು ಬರೀ ಚಿತ್ರ. ಪದ ಹುಡುಕಲಾಗದು, ಮೊತ್ತ ಕೂಡಲಾಗದು. ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದ ಫಾಂಟು) ಟೈಪಿಸಿದ ಪಿಡಿಎಫ್ ಇನ್ನೂ ಮೋಸ: ಕಣ್ಣಿಗೆ ಕನ್ನಡ, ನಕಲಿಸಿದರೆ ಲ್ಯಾಟಿನ್ ಅಕ್ಷರಗಳ ಗೋಜಲು.

ಸಿಎಸ್‌ವಿ ಎಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಎಡವುವ ಜಾಗಗಳಿವೆ. ಯುಟಿಎಫ್-8 ಎಂದರೆ ಎಲ್ಲ ಭಾಷೆಗಳ ಅಕ್ಷರಗಳನ್ನೂ ಉಳಿಸುವ ಯೂನಿಕೋಡ್ ವಿಧಾನ. ಬಿಒಎಂ (ಕಡತದ ಆರಂಭದಲ್ಲಿ ಆ ವಿಧಾನವನ್ನು ಸೂಚಿಸುವ ಗುರುತು) ಇಲ್ಲದ ಯುಟಿಎಫ್-8 ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಕೆಡಬಹುದು. ಉಳಿಸುವಾಗಲೇ ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಉದ್ಧರಣ ಚಿಹ್ನೆಯಿಲ್ಲದ 1,25,000 ಮೂರು ಕಾಲಂಗಳಾಗಿ ಒಡೆಯುತ್ತದೆ. 125000 ಎಂದೇ ಬರೆಯಿರಿ. ದಿನಾಂಕ 2024-04-01 ಮಾದರಿಯಲ್ಲಿರಲಿ.

ಲೆಕ್ಕಕ್ಕೆ ಸಿಎಸ್‌ವಿಯೇ ಸರಿ. ಸಹಿ ಬೇಕಾದ ಆದೇಶಗಳಿಗೆ ಮಾತ್ರ ಪಿಡಿಎಫ್, ಅದೂ ಯೂನಿಕೋಡ್ ಪಠ್ಯದ್ದು.