ಎದೆಯೊಳಗೆ ಕಾರ್ಬನ್ ವಾಲ್ವ್: ಹತ್ತು ವರ್ಷ ದಾಟಿದ ಮೇಲೆ, ಕೊಡಗಿನಿಂದ

ನನ್ನ ಹೃದಯಕ್ಕೆ ಹಾಕಿಸಿಕೊಂಡ ಕಾರ್ಬನ್ ವಾಲ್ವ್‌ಗೆ ಐದಕ್ಕೆ ಐದು ಸ್ಟಾರ್. ಅದರ ಜೊತೆ ಬರುವ, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ವಾರ್ಫರಿನ್ ಮಾತ್ರೆಗೆ ಮೂರು. ಆಪರೇಷನ್‌ಗೆ ಮುಂಚೆ ಎಲ್ಲರೂ ವಿಚಾರಿಸುವುದು ವಾಲ್ವ್ ಬಗ್ಗೆಯೇ. ಯಾವ ಕಂಪನಿ, ಎಷ್ಟು ವರ್ಷ ಬಾಳಿಕೆ, ರೇಟ್ ಎಷ್ಟು ಅಂತ. ಆಮೇಲೆ ದಿನಾ ಏಗಬೇಕಾದದ್ದು ಮಾತ್ರೆಯ ಜೊತೆ. ಅದರಲ್ಲೂ ನಮ್ಮಂಥ ಮಳೆ ಊರಿನಲ್ಲಿ.

ನನ್ನದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ವಾಲ್ವ್ ಹಾಕಿಸಿದ್ದು 2014ರಲ್ಲಿ, ನಲವತ್ತೈದರ ಆಸುಪಾಸಿನಲ್ಲಿ. ಕಾಯಿಲೆ ಅಯೋರ್ಟಿಕ್ ಸ್ಟೆನೋಸಿಸ್. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಕಡೆ ಇರುವ ವಾಲ್ವ್ ಬಿಗಿದುಕೊಂಡು ಕಿರಿದಾಗುತ್ತದೆ. ದೊಡ್ಡವರಲ್ಲಿ ಅದು 3ರಿಂದ 4 ಚದರ ಸೆಂಟಿಮೀಟರ್ ತೆರೆಯಬೇಕು. 1ಕ್ಕಿಂತ ಕಡಿಮೆ ಅಂದರೆ ತೀವ್ರ. ನನ್ನದು ಅದಕ್ಕೂ ಕೆಳಗಿತ್ತು. ಏದುಸಿರು, ಎದೆನೋವು, ಕೆಲಸ ಮಾಡುವಾಗ ತಲೆ ಸುತ್ತಿ ಬೀಳುವುದು: ಇವುಗಳಲ್ಲಿ ಒಂದು ಶುರುವಾದರೂ ಕಾಯುವ ಹಾಗಿಲ್ಲ. ಹಾಗೇ ಬಿಟ್ಟರೆ ಬಹಳ ಜನಕ್ಕೆ ಎರಡು ಮೂರು ವರ್ಷ ಸಿಕ್ಕರೆ ಹೆಚ್ಚು. ಇದನ್ನು ಕರಗಿಸುವ ಔಷಧಿ ಇಲ್ಲ. ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟರೆ ನಿಲ್ಲಬಹುದೇನೋ ಅಂತ ಹೊರದೇಶದಲ್ಲಿ ದೊಡ್ಡ ಪ್ರಯೋಗಗಳನ್ನೇ ಮಾಡಿದರು. ನಿಲ್ಲಲಿಲ್ಲ.

ಊರಿನವರು ತಪ್ಪನ್ನೆಲ್ಲ ಹಂದಿ ಮಾಂಸದ ಪಂದಿ ಕರಿಯ ಮೇಲೆ ಹೊರಿಸಿದರು. ಪಾಪ, ಅದರ ತಪ್ಪಿಲ್ಲ. ಈ ವಾಲ್ವ್‌ಗೆ ಮೂರು ಎಸಳು ಇರಬೇಕು. ನೂರರಲ್ಲಿ ಒಬ್ಬರಿಗಾದರೂ ಹುಟ್ಟುವಾಗಲೇ ಎರಡು ಇರುತ್ತವೆ. ನಾನು ಆ ಪೈಕಿ. ಎರಡೆಸಳಿನ ವಾಲ್ವ್‌ಗೆ ಸುಣ್ಣದಂಶ ಬೇಗ ಕೂರುತ್ತದೆ. ಮೂರು ಎಸಳು ಇದ್ದವರಿಗೂ ಅರವತ್ತೈದು ದಾಟಿದ ಮೇಲೆ ಕೂರಬಹುದು. ಇನ್ನೊಂದು ಕಾರಣ ನಮ್ಮ ದೇಶದಲ್ಲಿ ಈಗಲೂ ಇದೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಸರಿಯಾಗಿ ಆಂಟಿಬಯೋಟಿಕ್ ಕೊಡದೆ, ಅದು ಜ್ವರ ಮತ್ತು ಕೀಲುನೋವಿನ ರುಮ್ಯಾಟಿಕ್ ಕಾಯಿಲೆಯಾಗಿ ಹೃದಯಕ್ಕೆ ತಗಲುವುದು.

ಆಯ್ಕೆ ಎರಡಿತ್ತು. ದನ ಅಥವಾ ಹಂದಿಯ ಅಂಗಾಂಶದ ವಾಲ್ವ್, ಇಲ್ಲವೇ ಕಾರ್ಬನ್‌ನದು. ಅಂಗಾಂಶದ್ದಕ್ಕೆ ಜೀವನಪೂರ್ತಿ ವಾರ್ಫರಿನ್ ಬೇಡ, ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆಯಬಹುದು. ವಯಸ್ಸು ಕಡಿಮೆ ಇದ್ದಷ್ಟೂ ಬೇಗ ಸವೆಯುತ್ತದೆ. ಐವತ್ತರ ಒಳಗಿನವರಿಗೆ ಸಾಮಾನ್ಯವಾಗಿ ಕಾರ್ಬನ್, ಅರವತ್ತೈದು ದಾಟಿದವರಿಗೆ ಅಂಗಾಂಶ, ನಡುವಿನವರು ಡಾಕ್ಟರ ಜೊತೆ ಕೂತು ಮಾತಾಡಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಸ್ವದೇಶಿ ವಾಲ್ವ್ ಕೂಡ ಇದೆ. ಒಂದೇ ಬಿಲ್ಲೆ ಓರೆಯಾಗಿ ತೆರೆದುಕೊಳ್ಳುವಂಥದ್ದು, 1990ರಿಂದ ಬಳಕೆಯಲ್ಲಿದೆ. ನನಗೆ ಹಾಕಿದ್ದು ಎರಡು ಅರ್ಧಚಂದ್ರದ ರೆಕ್ಕೆಗಳಿರುವುದು.

ವಾಲ್ವ್ ಬಗ್ಗೆ ದೂರು ಹುಡುಕಿದರೂ ಸಿಗುವುದಿಲ್ಲ. ಪ್ರತಿ ವರ್ಷ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತೇನೆ, ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ತೋಟದ ಏರು ಹತ್ತುತ್ತೇನೆ. ಕಾಳುಮೆಣಸು ಕೊಯ್ಯುವ ಏಣಿ ಮಾತ್ರ ಹತ್ತುವುದಿಲ್ಲ, ಅದು ಬಿದ್ದರೆ ರಕ್ತ ನಿಲ್ಲುವುದಿಲ್ಲ ಅನ್ನುವ ಭಯಕ್ಕೆ. ಸದ್ದು ಇದೆ. ರಾತ್ರಿ ಎಡಕ್ಕೆ ಮಲಗಿದರೆ ಹಳೇ ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳುತ್ತದೆ. ಮೊದಮೊದಲು ಹೆಂಡತಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಸದ್ದು ಕೇಳದಿದ್ದರೆ ಎದ್ದು ಕೂರುತ್ತಾಳೆ.

ಮಾತ್ರೆ ವಾರ್ಫರಿನ್. ಅಮೆರಿಕದಲ್ಲಿ 1948ರಲ್ಲಿ ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂದದ್ದು, 1954ರಿಂದ ಮನುಷ್ಯರಿಗೆ ಔಷಧಿ. ಕಾರ್ಬನ್ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಜೀವನಪೂರ್ತಿ ನುಂಗಬೇಕು. ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆಯ ಅಂಕಿ ನನ್ನಂಥವರಿಗೆ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು, ಜಾಸ್ತಿಯಾದರೆ ರಕ್ತಸ್ರಾವ. ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆ, ನಿಜ. ಕಾರ್ಬನ್ ವಾಲ್ವ್‌ಗೆ ಅವು ನಡೆಯುವುದಿಲ್ಲ. ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. 2022ರಲ್ಲಿ ಅಪಿಕ್ಸಾಬಾನ್‌ಗೂ ಅದೇ ಗತಿಯಾಯಿತು. ಮೆಡಿಕಲ್ ಶಾಪಿನವರು 'ಇದು ಅದಕ್ಕಿಂತ ಒಳ್ಳೇದು ಸಾರ್' ಅಂದರೆ ನಕ್ಕು ಮುಂದೆ ಹೋಗಿ.

ಸೊಪ್ಪು ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಬಿಡಬೇಕಾಗಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಳಿ, ಅಷ್ಟೇ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆ ತಿಂದರೆ ಡಾಕ್ಟರು ಅದಕ್ಕೆ ತಕ್ಕ ಹಾಗೆ ಡೋಸ್ ಕೂರಿಸುತ್ತಾರೆ. ತೊಂದರೆ ಬರುವುದು ಮಳೆಗಾಲದಲ್ಲಿ ಒಂದೇ ಸಮನೆ ಕೆಸುವಿನ ಪತ್ರೊಡೆ ತಿಂದು, ಆಮೇಲೆ ತಿಂಗಳುಗಟ್ಟಲೆ ಹಸಿರು ಮುಟ್ಟದಿದ್ದಾಗ.

ಮದ್ದುಸೊಪ್ಪಿನ ವಿಷಯ ಮಾತ್ರ ಬೇರೆ. ಕೊಡವ ತಿಂಗಳು ಕಕ್ಕಡದ 18, ಅಂದರೆ ಆಗಸ್ಟ್ 3ರ ಹೊತ್ತಿಗೆ ಕೊಡಗಿನ ಮನೆಮನೆಯಲ್ಲೂ ಅದರ ನೇರಳೆ ಬಣ್ಣದ ಪಾಯಸ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಎಲ್ಲರಿಗೂ ಗೊತ್ತಿರುವುದೇ. ವಾರ್ಫರಿನ್ ನುಂಗುವವರಿಗೆ ಕೆಂಪು ಮೂತ್ರ ಅಂದರೆ ಒಳಗೆ ರಕ್ತ ಹೋಗುತ್ತಿರುವ ಲಕ್ಷಣ, ಕೂಡಲೇ ಆಸ್ಪತ್ರೆಗೆ ಓಡಬೇಕು. ಯಾವುದು ಸೊಪ್ಪು, ಯಾವುದು ರಕ್ತ ಅಂತ ಹೇಗೆ ಗೊತ್ತಾಗಬೇಕು? ನಾನು ತಿನ್ನುವುದೇ ಬಿಟ್ಟೆ. ಅತ್ತೆ ಈಗಲೂ 'ಒಂದು ಚಮಚ, ಔಷಧಿ ಅದು' ಅನ್ನುತ್ತಾರೆ. ನನಗೆ ಔಷಧಿ ಈಗಾಗಲೇ ಜಾಸ್ತಿಯಾಗಿದೆ.

ಜಿಗಣೆಯ ಬಗ್ಗೆ ಯಾವ ಆಸ್ಪತ್ರೆಯ ಚೀಟಿಯಲ್ಲೂ ಬರೆದಿರುವುದಿಲ್ಲ. ಅದರ ಎಂಜಲಿನಲ್ಲೇ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ. ಅದರ ಮೇಲೆ ನಮ್ಮ ಮಾತ್ರೆ. ಕಚ್ಚಿದ ಜಾಗ ಒರೆಸುತ್ತಾ ಇದ್ದರೆ ಒರೆಸುತ್ತಲೇ ಇರಬೇಕು. ಒರೆಸಬೇಡಿ. ಹತ್ತಿಯಿಟ್ಟು ಬಿಗಿಯಾಗಿ ಒತ್ತಿಹಿಡಿದು ಪಟ್ಟಿ ಕಟ್ಟಿ. ಜೂನ್‌ನಿಂದ ಮೊಣಕಾಲುದ್ದದ ಜಿಗಣೆ ಸಾಕ್ಸ್ ಇಲ್ಲದೆ ನಾನು ತೋಟಕ್ಕೆ ಇಳಿಯುವುದಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಹೋದಾಗ ಪರೀಕ್ಷೆಗೆ ಹೋಗುವ ದಾರಿಯೇ ಇರಲಿಲ್ಲ. ಆಮೇಲೆ ಬೆರಳು ಚುಚ್ಚಿ ನೋಡುವ ಐಎನ್‌ಆರ್ ಮೀಟರ್ ತಂದೆ. ಮೀಟರ್‌ಗಿಂತ ಅದಕ್ಕೆ ಹಾಕುವ ಪರೀಕ್ಷೆಯ ಸ್ಟ್ರಿಪ್ ಖರ್ಚೇ ಭಾರ. ಆದರೂ ಮಳೆಗಾಲಕ್ಕೆ ಬೇಕೇ ಬೇಕು. ಲ್ಯಾಬ್ ಅಂಕಿಯ ಜೊತೆ ಆಗಾಗ ತಾಳೆ ನೋಡಿ. ಮಾತ್ರೆಯನ್ನೂ ಎರಡು ಸ್ಟ್ರಿಪ್ ಹೆಚ್ಚಿಗೆ ಇಟ್ಟುಕೊಳ್ಳಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಒಂದು ಕ್ಲಿನಿಕ್ಕಿನಲ್ಲಿ. ಹೊಟ್ಟೆ ಕೆಟ್ಟು ಹೋಗಿದ್ದೆ. ವಾರ್ಫರಿನ್ ತಗೋತೀನಿ ಅಂತ ಎರಡು ಸಲ ಹೇಳಿದರೂ ಮೆಟ್ರೊನಿಡಜೋಲ್ ಬರೆದರು. ಈ ಎರಡು ಸೇರಿದರೆ ಐಎನ್‌ಆರ್ ಏರುತ್ತದೆ. ನನ್ನದು 5 ದಾಟಿ, ವಸಡಿನಲ್ಲಿ ರಕ್ತ ಬಂತು. ನೋವಿನ ಮಾತ್ರೆಗಳೂ ಹೀಗೇ ಅಪಾಯ. ಡೈಕ್ಲೋಫೆನಾಕ್ ಬೇಡ, ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ನೂ ಬೇಡ. ಹಲ್ಲು ಕೀಳಿಸುವ ಮುಂಚೆ ಆಂಟಿಬಯೋಟಿಕ್ ತಗೊಳ್ಳಬೇಕು, ವಾಲ್ವ್‌ಗೆ ಸೋಂಕು ತಗಲದಿರಲು. ವಾಲ್ವ್ ಕಾರ್ಡನ್ನು ಆಧಾರ್ ಜೊತೆಗೇ ಇಟ್ಟಿರಿ. ಎಂಆರ್‌ಐ ಮಾಡಿಸುವಾಗಲೂ ಅದನ್ನು ಕೇಳುತ್ತಾರೆ.

ಎರಡೆಸಳು ಮನೆತನದಲ್ಲಿ ಬರಬಹುದು. ಹಾಗಾಗಿ ನನ್ನ ಒಡಹುಟ್ಟಿದವರಿಗೂ ಎಕೋ ಮಾಡಿಸಿದೆವು. ತಂಗಿಗೂ ಎರಡೇ ಎಸಳು, ಆದರೆ ಚೆನ್ನಾಗಿ ತೆರೆಯುತ್ತದೆ. ಅವಳ ಮಗನಿಗೆ ಮಾತ್ರ ತೀವ್ರ ಬಿಗಿತ. ಹುಡುಗ ಶಾಲೆಯ ಹಾಕಿ ಟೀಮಿನಲ್ಲಿ ಓಡಾಡಿಕೊಂಡಿದ್ದ, ಒಂದು ಲಕ್ಷಣವೂ ಇರಲಿಲ್ಲ. ಮಕ್ಕಳಲ್ಲಿ ಬಹಳ ಸಲ ಹೀಗೇ. ಡಾಕ್ಟರು ಸ್ಟೆತಸ್ಕೋಪ್ ಇಟ್ಟಾಗ ಕೇಳುವ ಮರ್ಮರ್ ಅನ್ನುವ ಬೇರೆ ಥರದ ಸದ್ದು ಒಂದೇ ಸುಳಿವು. ಹಸುಗೂಸುಗಳಲ್ಲಿ ತೀವ್ರವಾಗಿದ್ದರೆ ಕಥೆ ಬೇರೆ. ಹಾಲು ಕುಡಿಯುವುದಿಲ್ಲ, ಏದುಸಿರು ಬಿಡುತ್ತವೆ, ಬಣ್ಣ ಬೂದಿಯಾಗುತ್ತದೆ. ಆಗ ಗಂಟೆಗಳ ಲೆಕ್ಕ.

ಮಕ್ಕಳಿಗೆ ಮೊದಲು ಬಲೂನ್. ತೊಡೆಯ ರಕ್ತನಾಳದಿಂದ ಕಳಿಸಿ ಅಂಟಿಕೊಂಡ ಎಸಳು ಬಿಡಿಸುತ್ತಾರೆ. ಅವನಿಗೂ ಅದೇ ಮಾಡಿದರು. ಶಾಶ್ವತ ಅಲ್ಲ. ಮತ್ತೆ ಬಿಗಿಯಬಹುದು, ಸೋರಬಹುದು. ಅವನ ಅಪ್ಪ 'ಭಾವ, ನಿಮ್ಮ ಥರದ್ದೇ ಒಂದು ಹಾಕಿಸಿಬಿಡೋಣ' ಅಂದರು. ಬೇಡ ಅಂದೆ. ಕಾರ್ಬನ್ ವಾಲ್ವ್ ಮಗುವಿನ ಜೊತೆ ಬೆಳೆಯುವುದಿಲ್ಲ. ಬೇಕಾದರೆ ರಾಸ್ ಆಪರೇಷನ್ ಕೇಳಿ ನೋಡಬಹುದು. ಲಂಡನ್ನಿನ ಡೊನಾಲ್ಡ್ ರಾಸ್ 1967ರಲ್ಲಿ ಶುರು ಮಾಡಿದ್ದು. ಶ್ವಾಸಕೋಶದ ಕಡೆಯ ಸ್ವಂತ ವಾಲ್ವನ್ನೇ ತೆಗೆದು ಇಲ್ಲಿ ಕೂರಿಸುತ್ತಾರೆ, ಅದು ಬೆಳೆಯುತ್ತದೆ. ಆದರೆ ಆ ಕಡೆಗೂ ಇನ್ನೊಂದು ವಾಲ್ವ್ ಹಾಕಬೇಕು, ಪಳಗಿದ ಕೈಯೂ ಬೇಕು.

ಮಕ್ಕಳು ಬೇಕು ಅನ್ನುವ ಹೆಣ್ಣುಮಕ್ಕಳಿಗೂ ನಾನು ಕಾರ್ಬನ್ ಹೇಳುವುದಿಲ್ಲ. ವಾರ್ಫರಿನ್ ಹೊಟ್ಟೆಯ ಮಗುವಿಗೆ ಅಪಾಯ. ವಯಸ್ಸಾದವರಿಗೆ ಎದೆ ತೆರೆಯದೆಯೇ ಅಂಗಾಂಶದ ವಾಲ್ವ್ ಕೂರಿಸುವ ಟಾವಿ ಇದೆ. 2002ರಲ್ಲಿ ಫ್ರಾನ್ಸಿನಲ್ಲಿ ಮೊದಲು ಮಾಡಿದ್ದು, ಈಗ ನಮ್ಮಲ್ಲೂ ಮಾಡುತ್ತಾರೆ. ದುಬಾರಿ. ಪಕ್ಕದ ತೋಟದ ಅಜ್ಜ ಎಂಬತ್ತರ ಮೇಲೆ ಅದನ್ನೇ ಮಾಡಿಸಿಕೊಂಡು ಬಂದರು. ವಾರ್ಫರಿನ್ ಇಲ್ಲ, ಮೀಟರ್ ಇಲ್ಲ, ಕಕ್ಕಡದಲ್ಲಿ ಪಾಯಸಕ್ಕೂ ಅಡ್ಡಿಯಿಲ್ಲ.